ವಾರ್ತೆಯಿಂದ ಕಾದಂಬರಿಗೆ: ನಿರಂಜನರ 'ಚಿರಸ್ಮರಣೆ'

ದೇಶಭ್ರಷ್ಟರಾಗಿ ಬರೆದ ಕಾದಂಬರಿಕಾರರು ನಮ್ಮಲ್ಲಿ ವಿರಳ. ಆದರೆ ಸ್ವಂತ ನಾಡಿನಲ್ಲೇ ಅಜ್ಞಾತವಾಸವನ್ನು ಅನುಭವಿಸಿದ ಪತ್ರಕರ್ತರೊಬ್ಬರಿದ್ದಾರೆ: 1924ರಲ್ಲಿ ಜನಿಸಿದ ಕುಳಕುಂದ ಶಿವರಾಯ, ಅರ್ಥಾತ್ ನಿರಂಜನ. 1955ರಲ್ಲಿ ಪ್ರಕಟವಾದ ಅವರ 'ಚಿರಸ್ಮರಣೆ' ಪೋಲೀಸರ ಕಣ್ತಪ್ಪಿಸಿ ಬದುಕುವುದೆಂದರೇನೆಂದು ಬಲ್ಲವರ ಬರೆಹ.

ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನಲ್ಲಿ, 1941ರ ಮಾರ್ಚ್ ತಿಂಗಳಲ್ಲಿ, ರೈತರ ಮೆರವಣಿಗೆಗೆ ಎದುರಾದ ಪೋಲೀಸನೊಬ್ಬನು ಹೊಳೆಯ ಪಾಲಾದನು. 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದರು. ವೃತ್ತಪತ್ರಿಕೆಗೆ ಇಷ್ಟು ಸಾಕು. ನಿರಂಜನರಾದರೋ ಈ ವಾರ್ತೆಯ ಹಿಂದಿನ ವರ್ಷಗಳಿಗೆ ಹೋಗುತ್ತಾರೆ. ಅಪ್ಪು, ಚಿರುಕಂಡರು ಮೊದಲು ಶಾಲೆಯ ಹುಡುಗರಾಗಿಯೇ ನಮ್ಮೆದುರು ಬರುತ್ತಾರೆ. ಮಾಸ್ತರರ ಮಾತಿನಿಂದ ಅವರ ಪ್ರಪಂಚ ಹಿಗ್ಗುತ್ತದೆ. ಅವರೊಡನೆ ಬೆಳೆದ ಓದುಗನಿಗೆ ನ್ಯಾಯಾಲಯದ ತೀರ್ಪು ಬರಿಯ ಸುದ್ದಿಯಾಗಿ ಉಳಿಯದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಿದ್ಯಾರ್ಥಿಗೆ ತೆಂಗಿನ ತೋಟ ಮನೆಯ ಮಾತು. ಜಮೀನುದಾರನ ಮುಖ ನೋಡಿ ಬದುಕುವ ಗೇಣಿದಾರನ ಅಂಜಿಕೆ ಮಾತ್ರ ಅವನಿಗೆ ಹೊಸತೆನಿಸೀತು.

ಅರ್ಜೆಂಟೀನದ ಪತ್ರಕರ್ತ ತೊಮಾಸ್ ಎಲೋಯ್ ಮಾರ್ತಿನೆಸ್ 1975ರಲ್ಲಿ ನಾಡು ತೊರೆದು ವೆನೆಜುವೆಲವನ್ನು ಸೇರಿದರು. ಪೆರೋನನನ್ನು ಕುರಿತ ಅವರ 1985ರ ಕಾದಂಬರಿಯಲ್ಲಿ ಸಂದರ್ಶನಕ್ಕೂ ಕಲ್ಪನೆಗೂ ನಡುವಣ ಗೆರೆಯೇ ಅಳಿಸಿಹೋಗಿದೆ. ಯಾವ ದಾಖಲೆಯನ್ನೂ ಅವರು ಪೂರ್ತಿಯಾಗಿ ನಂಬರು. ನಿರಂಜನರಿಗೆ ಅಂತಹ ಸಂಶಯವಿಲ್ಲ. ನ್ಯಾಯ ಯಾರ ಪಕ್ಷದಲ್ಲಿದೆಯೆಂಬುದು ಅವರಿಗೆ ಮೊದಲೇ ನಿಶ್ಚಿತ. ಕೃತಿಯ ಬಲವೂ ಅದೇ, ದೌರ್ಬಲ್ಯವೂ ಅದೇ ಎಂದು ತೋರುತ್ತದೆ: ಜಮೀನುದಾರರು ವ್ಯಕ್ತಿಗಳಾಗದೆ ವರ್ಗದ ಪ್ರತಿನಿಧಿಗಳಾಗಿಯೇ ನಿಲ್ಲುತ್ತಾರೆ. ಹುಡುಗರ ಬಾಲ್ಯದ ಅಧ್ಯಾಯಗಳಲ್ಲಿ ಈ ಅವಸರ ಕಾಣುವುದಿಲ್ಲ. ಅಲ್ಲಿ ವಾದಿಸುವವನು ಹಿಂದೆ ಸರಿದು ಕತೆಗಾರನಿಗೆ ದಾರಿ ಬಿಟ್ಟಿದ್ದಾನೆ.