ಅಂತೆ ಇಲ್ಲದ ವಿಜ್ಞಾನ

ಗುಬ್ಬಚ್ಚಿಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಮೊಬೈಲ್ ಟವರುಗಳಿಂದ. ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕನ್ನಡ ಪಾಠ ಮಾಡುವ ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಅದರ ಕ್ರಿಯಾಪದ. ವಿದ್ಯಾರ್ಥಿನಿಯೊಬ್ಬಳು ಬಾಯಲ್ಲಿ ಹೇಳುವಾಗ "ಟವರ್ ಬಂದ್ಮೇಲೆ ಗುಬ್ಬಿಗಳೆಲ್ಲ ಹೋದ್ವಂತೆ ಸಾರ್" ಎನ್ನುತ್ತಾಳೆ. ಅವಳೇ ಹಾಳೆಯ ಮೇಲೆ ಬರೆಯುವಾಗ "ಮೊಬೈಲ್ ಗೋಪುರಗಳ ವಿಕಿರಣದಿಂದ ಗುಬ್ಬಚ್ಚಿಗಳ ಸಂತತಿ ನಾಶವಾಗಿದೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ" ಎಂದು ಬರೆಯುತ್ತಾಳೆ. ಬಾಯಿಂದ ಹಾಳೆಗೆ ಇಳಿಯುವಷ್ಟರಲ್ಲಿ ಹೊಸ ಪುರಾವೆಯೇನೂ ಸಿಕ್ಕಿಲ್ಲ. ಎರಡಕ್ಷರ ಮಾತ್ರ ಕಳೆದುಹೋಗಿದೆ, ಅಂತೆ. ಅದು ಕೂತಿದ್ದ ಜಾಗಕ್ಕೆ ವಿಜ್ಞಾನಿಗಳು ಬಂದು ಕೂತಿದ್ದಾರೆ.

ಗುಬ್ಬಿಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. 2020ರಲ್ಲಿ ಬಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿಯ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಇಳಿದಿದೆ. ಬ್ರಿಟನ್ನಿನಲ್ಲಿ ಗುಬ್ಬಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದಲ್ಲಿ, ಆಗ ಅಲ್ಲಿ ಮೊಬೈಲ್ ಟವರುಗಳು ಇರಲಿಲ್ಲ. ಗೂಡಿಗೆ ಜಾಗವಿಲ್ಲದ ಗಾಜಿನ ಮನೆಗಳು, ಮರಿಗಳಿಗೆ ಬೇಕಾದ ಹುಳುಗಳ ಕೊರತೆ, ಧಾನ್ಯ ಚೆಲ್ಲದ ಪೊಟ್ಟಣದ ಅಂಗಡಿಗಳು, ಹೀಗೆ ಕಾರಣಗಳ ಪಟ್ಟಿ ಉದ್ದವಿದೆ. ಇವುಗಳಲ್ಲಿ ಯಾವುದು ಎಷ್ಟು ಎಂಬುದು ಇನ್ನೂ ಚರ್ಚೆಯಲ್ಲಿರುವ ಸಂಗತಿ. ಅಂದರೆ ಆ ಹುಡುಗಿಯ ಆಡುಮಾತು ಅವಳ ಗ್ರಂಥಸ್ಥ ವಾಕ್ಯಕ್ಕಿಂತ ವಿಜ್ಞಾನಕ್ಕೆ ಹತ್ತಿರವಾಗಿತ್ತು.

'ಅಂತೆ' ಕನ್ನಡದ ಸಣ್ಣ ಪವಾಡಗಳಲ್ಲೊಂದು. ಕ್ರಿಯೆಗೆ ಹತ್ತುತ್ತದೆ, ನಾಮಪದಕ್ಕೆ ಹತ್ತುತ್ತದೆ, ಪ್ರಶ್ನೆಗೂ ಹತ್ತುತ್ತದೆ: ಬರ್ತಾನಂತೆ, ನಾಳೆ ರಜೆಯಂತೆ, ಏನಂತೆ? ಇದನ್ನು ನಾನು ಕಂಡಿಲ್ಲ, ಕೇಳಿದ್ದೇನೆ ಎಂಬ ಸಂಗತಿಯನ್ನು ಒಂದು ಉಸಿರಿನಲ್ಲಿ ಹೇಳಿಬಿಡುತ್ತದೆ. ಅದರ ನಿಖರತೆ ತಿಳಿಯಬೇಕಾದರೆ ಅದನ್ನು 'ನಾನು' ಜೊತೆ ಇಟ್ಟು ನೋಡಬೇಕು. "ನಿನ್ನೆ ನಾನು ಪೇಟೆಗೆ ಹೋಗಿದ್ದೆನಂತೆ" ಎಂದರೆ ಕೇಳಿದವರು ನನ್ನ ಆರೋಗ್ಯ ವಿಚಾರಿಸುತ್ತಾರೆ. "ಚಿಕ್ಕವನಿದ್ದಾಗ ರಾತ್ರಿಯೆಲ್ಲ ಅಳುತ್ತಿದ್ದೆನಂತೆ" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನನ್ನದೇ ಬಾಳಿನಲ್ಲಿ ಯಾವುದು ನನ್ನ ಅನುಭವ, ಯಾವುದು ಅಮ್ಮ ಹೇಳಿ ತಿಳಿದದ್ದು ಎಂಬ ಗೆರೆಯನ್ನೂ ಅದು ಎಳೆಯುತ್ತದೆ. ತುರ್ಕಿ ಭಾಷೆಯಲ್ಲಿ ಇಂಥದೇ ಒಂದು ಪ್ರತ್ಯಯವಿದೆ. ಬ್ರೆಜಿಲಿನ ಅಮೆಜಾನ್ ಕಾಡಿನ ತರಿಯಾನ ಭಾಷೆಯಲ್ಲಿ ಕಂಡದ್ದು, ಕಾಣದೆ ಗ್ರಹಿಸಿದ್ದು, ಊಹಿಸಿದ್ದು, ಕೇಳಿದ್ದು ಎಂಬುದಕ್ಕೆಲ್ಲ ಬೇರೆ ಬೇರೆ ಗುರುತು ಹಾಕದೆ ವಾಕ್ಯ ಮುಗಿಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯವಿಲ್ಲ. ಅದಕ್ಕೇ ಬೆಂಗಳೂರಿನ ಇಂಗ್ಲಿಷು ಮಾತಿನ ಕೊನೆಗೆ 'ಇಟ್ ಸೀಮ್ಸ್' ಎಂದು ಅಂಟಿಸಿಕೊಂಡು ಓಡಾಡುತ್ತದೆ. ನಗುವವರು ನಗಲಿ, ಅದು ನಮ್ಮ ಅಂತೆಯೇ.

ನಮ್ಮ ಅಜ್ಜಿಕತೆಗಳಲ್ಲಿ ರಾಜ ಇದ್ದನಂತೆ, ಅವನಿಗೆ ಏಳು ಜನ ಹೆಂಡಿರಂತೆ. ಕತೆಯ ಪ್ರತಿ ವಾಕ್ಯಕ್ಕೂ ಅಜ್ಜಿ ಸುಂಕ ಕಟ್ಟಿದ ಹಾಗೆ ಅಂತೆ ಸೇರಿಸುತ್ತಿದ್ದಳು. ಹಾಗೆಂದು ಕನ್ನಡಿಗರು ಅಂತೆಯನ್ನು ಪೂಜಿಸಿದವರೂ ಅಲ್ಲ. 'ಅಂತೆಕಂತೆಗಳ ಸಂತೆ' ಎಂದು ಅದನ್ನು ಗೇಲಿ ಮಾಡಿದವರೂ ನಾವೇ. ಸ್ವರ ಸ್ವಲ್ಪ ಏರಿಸಿ "ಇವನು ಡಾಕ್ಟರಂತೆ!" ಎಂದರೆ ಎದುರಿನವನ ಪದವಿ ಪತ್ರ ಹರಿದುಹೋಗುತ್ತದೆ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ ಎಂಬ ಗಾದೆಯನ್ನೇ ನೋಡಿ. ಕೇಳಿದ್ದನ್ನೆಲ್ಲ ನಂಬುವವನನ್ನು ಆಡಿಕೊಳ್ಳುವ ಆ ಮಾತು ತಾನೇ ಅಂತೆಯಲ್ಲಿ ಮುಗಿಯುತ್ತದೆ.

ಬರಹದ ಕನ್ನಡ ಈ ಉಪಕರಣವನ್ನು ಆಡುಮಾತೆಂದು ಹೊರಗಿಟ್ಟಿತು. ಅದರ ಬದಲಿಗೆ ಪತ್ರಿಕೆಗಳು ಕಂಡುಕೊಂಡದ್ದು 'ಎನ್ನಲಾಗಿದೆ'. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ವಾದಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಂತೆ ಎನ್ನುವವನು ತನ್ನ ಕಿವಿಯನ್ನು ಮುಂದಿಡುತ್ತಾನೆ, "ಯಾರು ಹೇಳಿದ್ದು?" ಎಂದು ಅವನನ್ನು ತಿರುಗಿ ಕೇಳಬಹುದು. ಎನ್ನಲಾಗಿದೆ ಎಂಬಲ್ಲಿ ಅಂದವರೂ ಇಲ್ಲ, ಕೇಳಿಸಿಕೊಂಡವರೂ ಇಲ್ಲ. ಅಪರಾಧ ಸುದ್ದಿಗೆ ಅದು ಕೋರ್ಟಿನ ಭಯದಿಂದ ಹಿಡಿದ ಕೊಡೆ, ಇರಲಿ. ವಿಜ್ಞಾನದ ಸುದ್ದಿಗೆ ಬಂದಾಗ ಆ ಕೊಡೆಯನ್ನೂ ಮಡಚಿಟ್ಟು 'ಅಧ್ಯಯನದಿಂದ ದೃಢಪಟ್ಟಿದೆ' ಎಂದು ಬರೆಯುತ್ತೇವೆ. ಕೊಲೆಯ ಆರೋಪಿಗೆ ತೋರುವ ಎಚ್ಚರವನ್ನು ಅರಿಶಿನಕ್ಕೋ ಕಾಫಿಗೋ ತೋರುವುದಿಲ್ಲ.

ಇದರ ಪರಿಣಾಮವನ್ನು 2016ರ ನವೆಂಬರಿನಲ್ಲಿ ಎಲ್ಲರೂ ನೋಡಿದೆವು. ಹೊಸ ಎರಡು ಸಾವಿರ ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ತಿಳಿಯುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿಯಿತು, ಕೆಲವು ಟಿವಿ ವಾಹಿನಿಗಳೂ ಅದನ್ನು ಗಂಭೀರವಾಗಿ ವಿವರಿಸಿದವು. ಅಂಥದ್ದೇನೂ ಇಲ್ಲವೆಂದು ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. ಗದ್ಯವಾಗಿ ಓದಿದರೆ ಆ ಸಂದೇಶದ ಜೀವ ಇರುವುದು 120 ಎಂಬ ಸಂಖ್ಯೆಯಲ್ಲಿ. ನೂರು ಎಂದಿದ್ದರೆ ಅದು ಹರಟೆಯಾಗುತ್ತಿತ್ತು. ನೂರಿಪ್ಪತ್ತು ಎಂದಾಗ ಯಾರೋ ಅಳೆದಂತಾಯಿತು. ಅಂತೆ ಬಿಟ್ಟುಹೋದ ಜಾಗಕ್ಕೆ ಅಂಕಿ ಬಂದು ಕೂರುವುದು ಹೀಗೆ.

ಇನ್ನೊಂದನ್ನು ನೆನೆಯಲು ಮನಸ್ಸು ಒಪ್ಪುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ದೇಶವೆಲ್ಲ ಸುತ್ತಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಜನ ಹೊಡೆದು ಕೊಂದರು. ಅದೇ ಜುಲೈಯಲ್ಲಿ ವಾಟ್ಸಾಪ್ ಕಂಪನಿ ಹೀಗೆ ದಾಟಿ ಬಂದ ಸಂದೇಶಗಳ ನೆತ್ತಿಯ ಮೇಲೆ 'ಫಾರ್ವರ್ಡೆಡ್' ಎಂಬ ಚೀಟಿ ಅಂಟಿಸತೊಡಗಿತು, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ದಾಟಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಬಹಳ ಕೈ ದಾಟಿದ ಸಂದೇಶಗಳಿಗೆ ಆ ಮಿತಿ ಒಂದಕ್ಕೆ ಇಳಿಯಿತು. ಆ ಚೀಟಿ ಎಂದರೇನು? ಕಳಿಸಿದವನು ಇದನ್ನು ಬರೆದವನಲ್ಲ, ಕಂಡವನೂ ಅಲ್ಲ ಎಂದು ತಿಳಿಸುವ ಒಂದು ಗುರುತು. ನಮ್ಮ ವ್ಯಾಕರಣದಲ್ಲಿ ಎಂದಿನಿಂದಲೋ ಇದ್ದುದನ್ನು ಇಂಜಿನಿಯರುಗಳು ಸಂಕೇತದಲ್ಲಿ ಬರೆದು ಮರಳಿಸಿದರು. ವ್ಯತ್ಯಾಸವಿಷ್ಟೆ: ಅಂತೆಯನ್ನು ಹೇಳುವವನು ತಾನಾಗಿ ಸೇರಿಸುತ್ತಾನೆ, ಅದು ಅವನ ಮರ್ಯಾದೆಯ ಪ್ರಶ್ನೆ. ಚೀಟಿಯನ್ನು ಯಂತ್ರ ಅಂಟಿಸುತ್ತದೆ. ಒತ್ತಿಹಿಡಿದು ನಕಲು ಮಾಡಿ ಹೊಸದಾಗಿ ಕಳಿಸಿದರೆ ಅದೂ ಉದುರುತ್ತದೆ.

ಅಂತೆ ಇದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. ಗುಂಪು ಸೇರಿದ ಮೇಲೆ ವ್ಯಾಕರಣ ಕೇಳುವವರು ಯಾರು? ಅಂತೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಎಷ್ಟೋ ಹೆಂಗಸರ ಬದುಕು ಹಾಳುಮಾಡಿದ ಊರುಗಳು ನಮ್ಮವು. "ನಾನು ಹೇಳಿದ್ದಲ್ಲಪ್ಪ, ಹಾಗಂತೆ" ಎಂದು ಕೈ ತೊಳೆದುಕೊಳ್ಳುವುದಕ್ಕೂ ಅದೇ ನೀರು. ಕೇಳಿದ್ದು ಸುಳ್ಳು, ಕಂಡದ್ದು ನಿಜ ಎಂಬ ಸುಲಭದ ಸೂತ್ರವೂ ನಿಲ್ಲುವುದಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನಂತೆ ಎಂಬ ಸುದ್ದಿ ಹಬ್ಬಿದಾಗ ಜನ ಕೇಳಿ ಸುಮ್ಮನಿರಲಿಲ್ಲ, ಚಮಚ ಹಿಡಿದು ಹೋಗಿ ಕಣ್ಣಾರೆ ನೋಡಿದರು. ಚಮಚದ ಹಾಲು ನಿಜಕ್ಕೂ ಖಾಲಿಯಾಗುತ್ತಿತ್ತು. ದೆಹಲಿಯಲ್ಲಿ ವಿಜ್ಞಾನಿಗಳ ತಂಡವೊಂದು ಹಾಲಿಗೆ ಬಣ್ಣ ಬೆರೆಸಿ ಹಿಡಿದಾಗ, ಆ ಬಣ್ಣ ವಿಗ್ರಹದ ಮೈಮೇಲೆ ತೆಳ್ಳನೆಯ ಪೊರೆಯಾಗಿ ಇಳಿಯುವುದು ಕಂಡಿತು. ದ್ರವದ ಮೇಲ್ಮೈ ಎಳೆತದಿಂದ ಹಾಲು ಅಂಚಿನಿಂದ ಏರಿ ಕಲ್ಲಿನ ಮೇಲೆ ಹರಿಯುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಗಾದೆಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕೆ! ಆ ತಂಡದವರ ಒಂದು ಚಿಟಿಕೆ ಬಣ್ಣದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಮೂಢನಂಬಿಕೆ ಎಂಬ ಪದವನ್ನು ನೂರು ಸಲ ಹೇಳಿದ್ದರೆ ಆಗದಿದ್ದುದು ಅದರಿಂದ ಆಯಿತು.

ಈ ಮೂಢನಂಬಿಕೆ ಎಂಬ ಪದದ ಬಗ್ಗೆಯೂ ನನಗೆ ತಕರಾರಿದೆ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಅಲ್ಲಿ ಮುಖ್ಯವಾಗಿದ್ದುದು ತನಿಖೆ ಎಂಬ ಶಬ್ದ: ಹೋಗಿ ನೋಡೋಣ, ಪರೀಕ್ಷಿಸೋಣ. ಅವರ ಹೆಸರು ಹೇಳುವ ಇಂದಿನ ಬರಹಗಳಲ್ಲಿ ಹೋಗಿ ನೋಡುವ ಭಾಗ ಕಡಿಮೆಯಾಗಿ, ತೀರ್ಪಿನ ಭಾಗವೇ ಬೆಳೆದಿದೆ. 'ವಿಜ್ಞಾನ ಒಪ್ಪುವುದಿಲ್ಲ' ಎಂಬ ವಾಕ್ಯ 'ಶಾಸ್ತ್ರ ಒಪ್ಪುವುದಿಲ್ಲ' ಎಂಬುದರ ಅಚ್ಚಿನಲ್ಲೇ ಎರಕ ಹೊಯ್ದದ್ದು.

ಕನ್ನಡದ ಒಳ್ಳೆಯ ವಿಜ್ಞಾನ ಗದ್ಯ ಹೀಗಿರಲಿಲ್ಲ. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದ ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಪಂಡಿತನ ದನಿಗಿಂತ ಹೆಚ್ಚಾಗಿ, ಓದಿ ತಿಳಿದುಕೊಂಡವನು ಪಕ್ಕದವನಿಗೆ ಹೇಳುವ ದನಿ ಅದರಲ್ಲಿದೆ. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿ ವೃತ್ತಿಯಿಂದಲೇ ಸಸ್ಯವಿಜ್ಞಾನಿ. ಆದರೂ ಅವರ ಗಿಡಗಳು ಪ್ರಯೋಗಾಲಯದ ಗಾಜಿನ ಹಿಂದೆ ನಿಲ್ಲುವುದಿಲ್ಲ. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬೆಟ್ಟ ಹತ್ತುತ್ತಾ, ನಗುತ್ತಾ, ಬಯ್ಯುತ್ತಾ ನೋಡಿದ ಗಿಡಗಳು ಅವು. ಯಾರು, ಎಲ್ಲಿ, ಯಾವ ಪಾಡು ಪಟ್ಟು ಕಂಡದ್ದು ಎಂಬುದು ಗಿಡದ ವಿವರಣೆಯ ಒಳಗೇ ಇರುತ್ತದೆ. ಸಾಕ್ಷಿಯನ್ನು ಅಡಿಟಿಪ್ಪಣಿಗೆ ತಳ್ಳದ ಗದ್ಯ.

ಆದರೆ ಈ ಇಡೀ ಸಮಸ್ಯೆಯನ್ನು ಕತೆಯನ್ನಾಗಿಯೇ ಬರೆದ ಪುಸ್ತಕ ತೇಜಸ್ವಿಯವರ 'ಕರ್ವಾಲೊ' (1980). ಅದನ್ನು ಪರಿಸರದ ಕಾದಂಬರಿ ಎಂದು ಪಾಠ ಮಾಡುತ್ತೇವೆ. ನನಗೆ ಅದು ಕೇಳಿದ ಮಾತಿನ ಬಗೆಗಿನ ಕಾದಂಬರಿ ಎನಿಸುತ್ತದೆ. ಅತಿ ಪ್ರಾಚೀನವಾದ ಒಂದು ಹಾರುವ ಓತಿ ಮೂಡಿಗೆರೆಯ ಕಾಡಿನಲ್ಲಿದೆ ಎಂಬ ಸಂಗತಿ ಅಲ್ಲಿಗೆ ಬರುವುದು ಪುಸ್ತಕದಿಂದಲ್ಲ. ಅದನ್ನು ಕಂಡವನು ಮಂದಣ್ಣ: ಜೇನು ಹಿಡಿಯುವವನು, ಒಂದು ನೌಕರಿ, ಒಂದು ಮದುವೆ ಆದರೆ ಸಾಕೆಂದು ಅಲೆಯುವವನು, ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ನಿರೂಪಕನಿಗೂ ಅವನ ಬಗ್ಗೆ ದೊಡ್ಡ ಅಭಿಪ್ರಾಯವಿಲ್ಲ. ವಿಜ್ಞಾನಿ ಕರ್ವಾಲೊ ಮಾತ್ರ ಅವನ ಹಿಂದೆ ಬೀಳುತ್ತಾರೆ. ಮಂದಣ್ಣ ಹೇಳಿದ್ದನ್ನು ಅವರು ಕಣ್ಣುಮುಚ್ಚಿ ನಂಬುವುದೂ ಇಲ್ಲ, ಹಳ್ಳಿಗನ ಅಂತೆಕಂತೆ ಎಂದು ತಳ್ಳುವುದೂ ಇಲ್ಲ. ಮೊದಲು ತೂಗುವುದು ಮಂದಣ್ಣನ ಕಣ್ಣನ್ನು. ಇವನು ಜೇನುಹುಳವನ್ನು ಹೇಗೆ ನೋಡುತ್ತಾನೆ, ಉಳಿದವರಿಗೆ ಕಾಣದ್ದು ಇವನಿಗೆ ಏಕೆ ಕಾಣುತ್ತದೆ ಎಂಬುದನ್ನು ಗಮನಿಸಿ, ಇವನು ಹುಟ್ಟು ಜೀವಶೋಧಕ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಪದವಿಯನ್ನು ನೋಡಿ ಮಾತಿನ ಬೆಲೆ ಕಟ್ಟುವ ಅಭ್ಯಾಸವನ್ನು ಇಲ್ಲಿ ಒಬ್ಬ ಪದವೀಧರನೇ ಮುರಿಯುತ್ತಾನೆ.

ಕರ್ವಾಲೊ ಅವರ ವಿಜ್ಞಾನ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಯಾರ ಅಂತೆಯ ಹಿಂದೆ ಹೋಗಬೇಕು ಎಂದು ಗೊತ್ತಿರುವುದೂ ಒಂದು ವಿದ್ಯೆ. ನಮ್ಮ ಇಂದಿನ ಜಗಳಗಳಲ್ಲಿ, ಲಸಿಕೆಯದಿರಲಿ, ಮೈಕ್ರೋವೇವ್ ಒಲೆಯದಿರಲಿ, ಈ ತೂಗುವ ಕೆಲಸ ನಡೆಯುವುದೇ ಇಲ್ಲ. ಮಾತು ಬರುವಾಗಲೇ ಮೂಲ ಕಳಚಿಕೊಂಡು ಬಂದಿರುತ್ತದೆ. ಹೇಳಿದವನ ಕಣ್ಣನ್ನು ಪರೀಕ್ಷಿಸಬೇಕೆಂದರೂ ಅಲ್ಲಿ ಮುಖವಿಲ್ಲ. ಈಗ ಬಂದಿರುವ ಮಾತಾಡುವ ಯಂತ್ರಗಳ ಕನ್ನಡವನ್ನು ನೋಡಿ. ಬರಹದ ಕನ್ನಡವನ್ನೇ ಉಂಡು ಬೆಳೆದ ಅವು 'ಆಗಿದೆ', 'ಹೊಂದಿದೆ', 'ಪ್ರಮುಖ ಪಾತ್ರ ವಹಿಸುತ್ತದೆ' ಎಂದು ನಿರರ್ಗಳವಾಗಿ ಹೇಳುತ್ತವೆ. ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಒಂದೇ ದನಿ. ವಿಚಿತ್ರವೆಂದರೆ, ಏನನ್ನೂ ಕಾಣದ, ಎಲ್ಲವನ್ನೂ ಕೇಳಿಯೇ ತಿಳಿದ ಈ ಯಂತ್ರ ಪ್ರತಿ ವಾಕ್ಯಕ್ಕೂ ಅಂತೆ ಸೇರಿಸಬೇಕಾದ ಜೀವಿ, ಅಜ್ಜಿಯ ಹಾಗೆ. ಅದು ಹಾಗೆ ಮಾಡದಿರಲು ಯಂತ್ರದ ಸೊಕ್ಕು ಕಾರಣವಲ್ಲ. ನಾವು ಬರೆದದ್ದರಲ್ಲಿ ಅದಕ್ಕೆ ಅಂತೆ ಸಿಕ್ಕಿದ್ದೇ ಕಡಿಮೆ.

'ಕರ್ವಾಲೊ'ದ ಕೊನೆಯ ಭಾಗವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಕರ್ವಾಲೊ, ನಿರೂಪಕ, ಮಂದಣ್ಣ, ಕ್ಯಾಮರಾದ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ, ಹೀಗೆ ಒಂದು ವಿಚಿತ್ರ ಮೆರವಣಿಗೆ ಕಾಡು ಹೊಕ್ಕು, ಕೊನೆಗೂ ಓತಿಯನ್ನು ಕಾಣುತ್ತದೆ. ಹಿಡಿಯಲು ಹೋದರೆ ಅದು ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಹೋಗುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಕಂಡವರೇ, ಯಾರಿಗೂ ಅಂತೆಯ ಅಗತ್ಯವಿಲ್ಲ. ಆದರೆ ಜೀವಿ ಕೈಯಲ್ಲಿಲ್ಲ. ಬೆಟ್ಟ ಇಳಿದು ಮೂಡಿಗೆರೆ ಸೇರಿ ಯಾರಿಗಾದರೂ ಹೇಳಿದರೆ, ಕೇಳಿದವರು ಮನೆಗೆ ಹೋಗಿ ಹೇಳುವುದು ಒಂದೇ ಮಾತು: ಕರ್ವಾಲೊ ಸಾಹೇಬರು ಹಾರೋ ಓತಿ ನೋಡಿದ್ರಂತೆ.