ಸ್ಟಾರ್ ಒತ್ತಿದರೆ ‘ಶ್ರ’

ಈ ವಾರ ಕೋಷ್ಟಕಗಳ ಸರದಿ ಎಂದಿದ್ದೆ. ಪವಾಯಿಯಿಂದಲೇ ಶುರುಮಾಡೋಣ. ಅಲ್ಲಿನ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡಕ್ಕೂ ಬಂದಿವೆಯಲ್ಲ, ಅವುಗಳ ಸ್ಕ್ರಿಪ್ಟ್ ಇರುವುದು ವಿಕಿ ಪುಟದಲ್ಲಿ. ಎಡಕ್ಕೆ ಸಮಯ, ಬಲಕ್ಕೆ ನಿರೂಪಣೆ, ಪ್ರತಿ ಮನೆಯ ಮುಂದೊಂದು ನಿಲುಗೀಟು. ಅನುವಾದಿಸುವ ಭರದಲ್ಲಿ ಗೀಟೊಂದು ಅಳಿಸಿಹೋದರೆ ಸಮಯವೂ ಮಾತೂ ಒಂದೇ ಮನೆಯೊಳಗೆ ಬೀಳುತ್ತವೆ.

ಇಷ್ಟು ಬರೆಯುವಷ್ಟರಲ್ಲಿ ಡೊಂಬಿವಲಿಯ ಗೆಳತಿಯೊಬ್ಬರ ಫೋನು ಬಂತು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಪಳಗಿದ ಕೈ ಅವರದು. “ಪಟ್ಟಿಗೆ ಸ್ಟಾರ್ ಹಾಕಿ ಅಂತೀರಿ ಸರ್, ನಾನು ಒತ್ತಿದರೆ ‘ಶ್ರ’ ಬರುತ್ತೆ” ಎಂದರು. ಕೋಷ್ಟಕ ಮುಂದಿನ ವಾರಕ್ಕಿರಲಿ; ಇದು ಅದಕ್ಕಿಂತ ದೊಡ್ಡ ಸಂಗತಿ.

ಸಾದಾ ಪಠ್ಯದಲ್ಲಿ ಗುರುತುಗಳಿಂದಲೇ ಪಟ್ಟಿ, ಶೀರ್ಷಿಕೆ ಸೂಚಿಸುವ ಮಾರ್ಕ್‌ಡೌನ್‌ನಲ್ಲಿ ಶೀರ್ಷಿಕೆಗೆಂದು ಹ್ಯಾಶ್ ಒತ್ತಿದರೆ ಇನ್‌ಸ್ಕ್ರಿಪ್ಟ್‌ನಲ್ಲಿ ಬರುವುದು ರ-ಒತ್ತು. ವಿಕಿ ಶೀರ್ಷಿಕೆಯ ಸಮಚಿಹ್ನೆ ವಟ್ರಸುಳಿಯಾಗುತ್ತದೆ. ದಪ್ಪಕ್ಷರಕ್ಕೆಂದು ಅಪಾಸ್ಟ್ರಫಿಯನ್ನು ಮೂರು ಸಲ ಒತ್ತಿದರೆ ‘ಟಟಟ’. ಕೊಂಡಿಗೆಂದು ಚೌಕಾವರಣ ತೆರೆದರೆ ‘ಡಡ’. ಒಂದೊಂದು ಗುರುತಿಗೂ ಇಂಗ್ಲಿಷಿಗೆ ಹೋಗಿ ಮರಳಬೇಕು. ನುಡಿ ವಿನ್ಯಾಸದವರಿಗೆ ಈ ತೊಡಕಿಲ್ಲ, ಅಲ್ಲಿ ಕನ್ನಡವೆಲ್ಲ ಅಕ್ಷರದ ಕೀಲಿಗಳಲ್ಲೇ ಮುಗಿಯುತ್ತದೆ. 2004ರಲ್ಲಿ ಮಾರ್ಕ್‌ಡೌನ್ ಹೊರತಂದ ಜಾನ್ ಗ್ರೂಬರ್ ಕಣ್ಣಮುಂದೆ ಇಟ್ಟುಕೊಂಡದ್ದು ಸಾದಾ ಇಮೇಲಿನ ರೂಢಿಯನ್ನು. ಆ ರೂಢಿ ಇಂಗ್ಲಿಷ್ ಬೆರಳುಗಳದ್ದು.

ಹಾಗಾದರೆ ನಮ್ಮ ಬೆರಳಿಗೆ ಏನು ಉಳಿಯಿತು? ಹೈಫನ್. ಅದು ಇನ್‌ಸ್ಕ್ರಿಪ್ಟ್‌ನಲ್ಲೂ ಹೈಫನ್ನೇ. ಮಾರ್ಕ್‌ಡೌನ್‌ನಲ್ಲಿ ಪಟ್ಟಿಗೆ ಸಾಲಿನ ಮೊದಲು ಒಂದು ಹೈಫನ್, ಅದರ ಮುಂದೊಂದು ತೆರಪು ಸಾಕು. ಶೀರ್ಷಿಕೆಗೆ ಅದರ ಕೆಳಗಿನ ಸಾಲಿನಲ್ಲೇ ಹೈಫನ್‌ಗಳ ಗೆರೆ. ನಡುವೆ ಖಾಲಿ ಸಾಲು ಬಿಟ್ಟಿರೋ, ಅದು ಬರೀ ಅಡ್ಡಗೆರೆಯಾಗುತ್ತದೆ. ಅಂಕಿಯ ಪಟ್ಟಿಗೆ ಮಾತ್ರ 1, 2 ಎಂದೇ ಹಾಕಿ. ೧, ೨ ಎಂದರೆ ಅದು ಪಟ್ಟಿಯೆಂದು ಒಪ್ಪುವುದಿಲ್ಲ. ದಪ್ಪಕ್ಷರವನ್ನು ನಾನಂತೂ ಬಿಟ್ಟೇಬಿಟ್ಟಿದ್ದೇನೆ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ನಮ್ಮ ಒತ್ತಕ್ಷರಗಳು ಕಲಸಿಹೋಗುತ್ತವೆ.

2013ರಲ್ಲಿ ವಿಕಿಪೀಡಿಯಕ್ಕೆ ಗುರುತುಗಳ ಗೊಡವೆಯಿಲ್ಲದೆ ತಿದ್ದಬಹುದಾದ ವಿಷುವಲ್ ಎಡಿಟರ್ ಬಂದಂದಿನಿಂದ, ಗುರುತುಗಳ ಕಾಲ ಮುಗಿಯಿತು ಎನ್ನುವವರೊಡನೆ ನನ್ನ ಜಗಳ ನಡೆದೇ ಇದೆ. ಕೋಷ್ಟಕದ ಮಟ್ಟಿಗೆ ಅವರು ಹೇಳುವುದು ಸರಿ, ಒಪ್ಪಿದೆ. ಆದರೆ ಹತ್ತು ಜನ ತಿದ್ದುವ ಬರಹದಲ್ಲಿ ಯಾರು ಯಾವ ಸಾಲು ಮುಟ್ಟಿದರು ಎಂದು ಹೋಲಿಸಿ ನೋಡಲು ಬರಿ ಪಠ್ಯದಷ್ಟು ನಂಬಿಕೆಯದು ಬೇರೊಂದಿಲ್ಲ.

ನಿಮ್ಮ ಸಂಘದಲ್ಲೋ ಕಚೇರಿಯಲ್ಲೋ ಹಲವರು ಕೂಡಿ ಕನ್ನಡ ಕೈಪಿಡಿ ಬರೆಯುವುದಿದ್ದರೆ, ಗುರುತುಗಳ ನಿಯಮ ಗೊತ್ತುಮಾಡುವ ಮೊದಲು ಟೈಪ್ ಮಾಡುವವರನ್ನು ಕೇಳಿ: ನಿಮ್ಮ ಕೀಲಿಮಣೆ ಯಾವುದು?