ದ್ವಿಭಾಷಿಕತೆ ಮತ್ತು ಮರೆವಿನ ರೋಗ: ಒಂದು ವಿಮರ್ಶೆ

ಹೈದರಾಬಾದಿನ ಸುವರ್ಣಾ ಅಲ್ಲಾಡಿ ಮತ್ತು ಅವರ ಸಹಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಪ್ರಬಂಧವು ಡಿಮೆನ್ಷಿಯಾ ಪೀಡಿತರಾದ ೬೪೮ ಮಂದಿಯ ಆಸ್ಪತ್ರೆ ದಾಖಲೆಗಳನ್ನು ಆಧರಿಸಿದುದು. ಇವರಲ್ಲಿ ೩೯೧ ಮಂದಿ ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲವರು. ಅವರಿಗೆ ರೋಗವು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತೆಂಬುದು ಲೇಖಕರ ನಿರ್ಣಯ. ಕೆನಡಾದ ಪೂರ್ವಾಧ್ಯಯನದಲ್ಲಿ ದ್ವಿಭಾಷಿಕರು ಬಹುಮಟ್ಟಿಗೆ ವಲಸೆಗಾರರಾಗಿದ್ದುದರಿಂದ ವಲಸೆಯ ಫಲ ಯಾವುದು, ಭಾಷೆಯ ಫಲ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ಇಲ್ಲಿ ಆ ತೊಡಕು ಬಹುಪಾಲು ನೀಗಿದೆ. ಅಕ್ಷರಜ್ಞಾನವಿಲ್ಲದವರಲ್ಲಿಯೂ ಅಂತರ ಕಂಡುಬಂದಿರುವುದೇ ಪ್ರಬಂಧದ ಅತ್ಯಂತ ಬೆಲೆಯುಳ್ಳ ಭಾಗ. ಶಾಲಾಶಿಕ್ಷಣವೊಂದೇ ಕಾರಣವೆಂಬ ವಾದ ಇದರ ಮುಂದೆ ನಿಲ್ಲದು.

ಆದರೂ ಇತಿಹಾಸದ ವಿದ್ಯಾರ್ಥಿಗೆ ಶಂಕೆಯೊಂದು ಉಳಿಯುತ್ತದೆ. ದತ್ತಿಶಾಸನವು ದಾನಮಾಡಿದವರ ಹೆಸರನ್ನಷ್ಟೇ ತಿಳಿಸುವಂತೆ, ಆಸ್ಪತ್ರೆಯ ದಾಖಲೆಯು ಅಲ್ಲಿಗೆ ಬಂದವರ ಸಂಗತಿಯನ್ನಷ್ಟೇ ತಿಳಿಸುತ್ತದೆ. ಮನೆಯ ಮೂಲೆಯಲ್ಲಿಯೇ ಕಾಲ ಕಳೆದ ವೃದ್ಧರು ಈ ಲೆಕ್ಕಕ್ಕೆ ಸೇರಿಲ್ಲ. ಲೇಖಕರು ವಿದ್ಯೆ, ಉದ್ಯೋಗ, ನಗರ-ಗ್ರಾಮವಾಸಗಳನ್ನು ಗಣನೆಗೆ ತೆಗೆದುಕೊಂಡಿರುವುದು ಶ್ಲಾಘ್ಯವೇ ಸರಿ. ಆದರೆ ೧೯೪೮ರವರೆಗೆ ಉರ್ದುವೇ ಆ ಸಂಸ್ಥಾನದ ಆಡಳಿತಭಾಷೆ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಭಾಷೆಯೂ ಅದೇ. ತೆಲುಗು ಮನೆಮಾತಿನವರಿಗೆ ಎರಡನೆಯ ಭಾಷೆಯು ಕಚೇರಿಯಿಂದಲೋ, ಸಂತೆಯಿಂದಲೋ, ನೆರೆಹೊರೆಯಿಂದಲೋ ಬಂದಿರಬೇಕು. ಯಾರು, ಯಾವ ವಯಸ್ಸಿನಲ್ಲಿ, ಯಾವ ನಿರ್ಬಂಧಕ್ಕೊಳಗಾಗಿ ಕಲಿತರೆಂಬ ಪ್ರಶ್ನೆಗಳೆಲ್ಲವೂ ‘ದ್ವಿಭಾಷಿಕ’ ಎಂಬ ಒಂದೇ ಪದದೊಳಗೆ ಅಡಗಿಹೋಗಿವೆ.